ಫೈಟರ್ ಮೀನಿಗೆ ವರಪರೀಕ್ಷೆ

ನಿನ್ನೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕುಲ, ಬೆಡಗು-ಗೋತ್ರ, ನಮ್ಮ ದ್ರಾಕ್ಷಿ ತೋಟ ಎಲ್ಲವನ್ನೂ ವಿಚಾರಿಸಿದರು. ಗುಣವನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನ ಕಣ್ಣು ಮೂಲೆಯ ಮೀನಿನ ತೊಟ್ಟಿಯ ಮೇಲೆ ನಿಂತಿತು.

ಅದನ್ನು ತಂದಾಗ ನಾನಿನ್ನೂ ಚಿಕ್ಕವಳು. ಚಿಕ್ಕೋಡಿಯ ಅಂಗಡಿಯಲ್ಲಿ ಗಪ್ಪಿ ಎಂಬ ಪುಟ್ಟ ಮೀನುಗಳ ಜೊತೆ ಕೆಂಪು ಫೈಟರ್ ಮೀನೂ ಬೇಕೆಂದು ಹಟ ಹಿಡಿದಿದ್ದೆ. ಅಜ್ಜಿ ಸೆರಗು ಸರಿಪಡಿಸಿಕೊಂಡು, ವರ ನೋಡಲು ಬಂದವರ ಗತ್ತಿನಲ್ಲಿ ಕೇಳಿದಳು: "ಇದರ ಸ್ವಭಾವ ಹೆಂಗೈತೋ ತಮ್ಮಾ?"

"ಒಂಟಿ ಇದ್ರ ಚಲೋ ಐತ್ರಿ ಆಯಿ. ಗಪ್ಪಿ ಜೋಡಿ ಬಿಟ್ರ ಅವುಗಳ ಬಾಲ ಹರೀತೈತಿ," ಎಂದ ಅಂಗಡಿಯವ.

"ಹಂಗಾರ ಬ್ಯಾಡ. ಸಣ್ಣ ಮನಿಯಾಗ ಸಿಟ್ಟಿನವರನ್ನ ತುಂಬಿಸ್ಕೋಬಾರ್ದು, ನನ್ನವ್ವಾ!" ಎಂದು ಅಜ್ಜಿ ಶಾಂತ ಪ್ಲಾಟಿ ಮೀನುಗಳನ್ನು ಆರಿಸಿದಳು. ಅವು ಗಪ್ಪಿಗಳೊಡನೆ ಈಜಾಡುವುದನ್ನು ನೋಡುತ್ತ ನಾನು ಊಟವನ್ನೇ ಮರೆತೆ.

ನಿನ್ನೆ ಚಹಾದ ತಟ್ಟೆ ಕೆಳಗಿಟ್ಟು ಹುಡುಗನನ್ನೇ ಕೇಳಿದೆ: "ನಿಮ್ಮ ಸ್ವಭಾವ ಹೆಂಗೈತ್ರಿ?"

ಅಡುಗೆಮನೆಯಿಂದ ಅಜ್ಜಿಯ ನಗು ಕೇಳಿಸಿತು.