ಅವ್ವನ ಆರು ನಿಮಿಷ

ಕಾರವಾರದ ಆಸ್ಪತ್ರೆಯ ವರಾಂಡದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು, ಆ ತುದಿಗೊಂದು, ಈ ತುದಿಗೊಂದು. ಅವುಗಳ ನಡುವೆ ಅವ್ವ ಆರು ನಿಮಿಷ ನಡೆಯಬೇಕಿತ್ತು. ಎಷ್ಟು ದೂರ ನಡೆಯುತ್ತಾಳೆ, ನಡೆಯುವಾಗ ರಕ್ತದಲ್ಲಿ ಆಮ್ಲಜನಕ ಎಷ್ಟು ಉಳಿಯುತ್ತದೆ ಎಂದು ನೋಡಿ, ಅವಳು ಮತ್ತೆ ಹೊಳೆಗೆ ಇಳಿಯಬಹುದೋ ಇಲ್ಲವೋ ಎಂದು ಡಾಕ್ಟರಮ್ಮ ಹೇಳುವವರಿದ್ದರು. ಅವ್ವನಿಗೆ ಬೇಕಿದ್ದದ್ದು ಅದೊಂದೇ. ನನಗೂ ಅದೇ ಬೇಕಿತ್ತು. ಎರಡು ತಿಂಗಳಿಂದ ಅವಳನ್ನು ತಯಾರು ಮಾಡಿದವನು ನಾನಲ್ಲವೇ!

ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ತರ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಅರ್ಧ ಸುತ್ತು ಓಡಿ ಹೊಟ್ಟೆ ಹಿಡಿದುಕೊಂಡು ಕೂರುವವರನ್ನು ಕಂಡರೆ ನನಗಾಗದು. ಅವ್ವನ ಮೇಲೆ ನನಗಿದ್ದ ಹೆಮ್ಮೆಗೂ ಅದೇ ಕಾರಣ. ಮಂಜಗುಣಿಯಲ್ಲಿ ನಮ್ಮ ಮನೆ, ಗದ್ದೆ ದಾಟಿದರೆ ಗಂಗಾವಳಿ. ನೀರಿಳಿದ ಹೊತ್ತಿಗೆ ಕೇರಿಯ ಹೆಂಗಸರ ಜೊತೆ ಎದೆಮಟ್ಟದ ನೀರಲ್ಲಿ ನಿಂತು, ಕಾಲಿನಿಂದ ಮರಳು ತಡಕಿ, ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಅವಳಿಗೆ ಮದುವೆಯಾಗಿ ಬಂದಾಗಿನಿಂದ ಅಭ್ಯಾಸ. ಅಲ್ಲಿ ಹೆಂಗಸರದೇ ಒಂದು ಕಾನೂನಿದೆ. ಮೇಲೆದ್ದವಳು ಏದುಸಿರು ಬಿಡಬಾರದು. ಬಾಯಿ ತೆರೆದು ಉಸಿರೆಳೆದಳೋ, “ಏನೇ, ಹೊಳೆ ಪೂರ್ತಿ ಕುಡ್ದು ಖಾಲಿ ಮಾಡ್ತ್ಯೇನೆ?” ಎಂದು ಉಳಿದವರು ದಿನವಿಡೀ ಕಿಚಾಯಿಸುತ್ತಾರೆ. ಮೂಗಿನಲ್ಲೇ ಸದ್ದಿಲ್ಲದೆ ಉಸಿರೆಳೆದು, ಮುಖ ಒರೆಸಿಕೊಂಡು, ಮತ್ತೆ ಮುಳುಗಬೇಕು. ಅವ್ವನಿಗೆ ಆ ಮಾತು ಹೇಳುವ ಅವಕಾಶ ಯಾರಿಗೂ ಸಿಕ್ಕಿರಲಿಲ್ಲ.

ಭತ್ತ ಬೇಯಿಸುವ ಒಲೆಯ ಹೊಗೆ ಅವಳ ಶ್ವಾಸಕೋಶವನ್ನು ತಿಂದು ಎಷ್ಟು ವರ್ಷವಾಗಿತ್ತೋ, ನಮಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ, ಕಾಲು ಬಾತು ತುಟಿ ನೀಲಿಯಾದಾಗ. ಹೃದಯದ ಬಲಭಾಗವೂ ದೊಡ್ಡದಾಗಿದೆ ಎಂದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು: ಮಲಗಿಸಿ ಇಡಬೇಡಿ, ದಿನಾ ನಡೆಸಿ, ನಡೆಯುವಾಗ ಬೆರಳಿಗೆ ಆಕ್ಸಿಮೀಟರ್ ಇರಲಿ, ಎಂಬತ್ತೆಂಟಕ್ಕಿಂತ ಕೆಳಗಿಳಿದರೆ ನಿಲ್ಲಿಸಿ.

ನಡೆಸಿ ಎಂದದ್ದಷ್ಟೇ ನನ್ನ ತಲೆಗೆ ಹೋಯಿತು. ಕೊರೋನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿತ್ತು. ಕೈ ಬೀಸಿ ನಡೆಯುವಾಗ ಜಾರಿ ಬೀಳುತ್ತದೆಂದು, ಅವಳು ಅಂಗಳ ಸುತ್ತಿ ಬಂದು ಜಗಲಿಯಲ್ಲಿ ಕೂತು ನೀರು ಕುಡಿದ ಮೇಲೆ ಅದನ್ನು ಹಾಕುತ್ತಿದ್ದೆ. ತೊಂಬತ್ತೆರಡು, ತೊಂಬತ್ಮೂರು ತೋರಿಸುತ್ತಿತ್ತು. “ಸುಸ್ತಾಯ್ತಾ?” ಎಂದರೆ, “ಎಂತಾ ಸುಸ್ತು ತಮಾ, ನಡಿ” ಎನ್ನುತ್ತಿದ್ದಳು. ಏದುಸಿರೂ ಇಲ್ಲ, ಕೆಮ್ಮೂ ಇಲ್ಲ. ಮೂರು ಸುತ್ತು ಐದಾಯಿತು, ಐದು ಎಂಟಾಯಿತು. ಒಂದು ದಿನ ನನ್ನ ಹೆಂಡತಿ, “ಅತ್ತೆ ತುಟಿ ಕಪ್ಪಗೆ ಕಾಣ್ತದೆ, ನೋಡಿ” ಎಂದಳು. “ಎಲೆಅಡಿಕೆ ತಿನ್ನೋರ ತುಟಿ ಮತ್ತೆ ಹೆಂಗಿರ್ತದೆ?” ಎಂದು ಅವಳ ಮೇಲೆ ಹರಿಹಾಯ್ದೆ. ಆ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವರಾಂಡದಲ್ಲಿ ಸಿಸ್ಟರ್ ಆಕ್ಸಿಮೀಟರನ್ನು ಅವ್ವನ ಬೆರಳಿಗೆ ಟೇಪು ಸುತ್ತಿ ಕಟ್ಟಿದಳು. “ಅಜ್ಜಿ, ಬೇಕಾದಾಗ ನಿಲ್ಲಬಹುದು” ಎಂದಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮೊದಲ ಸುತ್ತಿಗೆ ತೊಂಬತ್ತೊಂದು. ಎರಡನೆಯದಕ್ಕೆ ಎಂಬತ್ತಾರು.

“ಉಸಿರು ಕಟ್ತದಾ ಅಜ್ಜಿ?”

“ಇಲ್ಲಮ್ಮ.”

ಆಟದ ಬಯಲಿನಲ್ಲಿ ಕೂಗುವಂತೆ ನಾನು, “ಹಾಂ ಅವ್ವ, ಹಂಗೇ, ಹಂಗೇ!” ಎಂದೆ. ಎಂಬತ್ತೆರಡು. ಸಿಸ್ಟರ್ ಅವಳ ಪಕ್ಕದಲ್ಲೇ ನಡೆಯತೊಡಗಿದಳು. ಎಪ್ಪತ್ತೊಂಬತ್ತು ಬಂದಾಗ, “ಸಾಕು, ಕೂತ್ಕೊಳ್ಳಿ” ಎಂದು ಜೋರಾಗಿ ಹೇಳಿದಳು. ಅವ್ವ ಕುರ್ಚಿಯನ್ನು ಬಳಸಿಕೊಂಡು ಮುಂದೆ ಹೋದಳು. ನಿಲ್ಲುವ ಲಕ್ಷಣವೇ ಇಲ್ಲ. ಸಿಸ್ಟರ್ ಓಡಿಹೋಗಿ ಎರಡೂ ಭುಜ ಹಿಡಿದು ಕೂರಿಸಿದಾಗ ಯಂತ್ರದಲ್ಲಿ ಎಪ್ಪತ್ನಾಲ್ಕು ಇತ್ತು. ಅವ್ವನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಆದರೂ ಬಾಯಿ ಮುಚ್ಚಿಯೇ ಇತ್ತು. ಬರೀ ಮೂಗಿನ ಹೊಳ್ಳೆಗಳು ಅಗಲವಾಗಿ ತೆರೆದು ಮುಚ್ಚುತ್ತಿದ್ದವು.

“ಆರು ನಿಮಿಷ ಆಯ್ತಾ?” ಎಂದು ಕೇಳಿದಳು. ಮೂರೂ ಆಗಿರಲಿಲ್ಲ.

ಮುಖಕ್ಕೆ ಆಕ್ಸಿಜನ್ ಹಚ್ಚಿ ಅವಳನ್ನು ಒಳಗೆ ಒಯ್ದರು. ಅವ್ವ ಬಿಟ್ಟೆದ್ದ ಕುರ್ಚಿಯಲ್ಲೇ ನಾನು ಕೂತುಬಿಟ್ಟೆ. ಅವಳು ಹೋಗಿಯೇಬಿಟ್ಟರೆ ಎಂಬುದೊಂದೇ ಯೋಚನೆ. ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಕರೆದು, ಈಗ ಪರವಾಗಿಲ್ಲ ಎಂದರು.

“ಮನೆಯಲ್ಲಿ ನಡೆಯುವಾಗ ಎಷ್ಟಿರ್ತಿತ್ತು ಸರ್?”

“ಕೂತ ಮೇಲೆ ತೊಂಬತ್ಮೂರು.”

“ನಡೆಯುವಾಗ ಎಷ್ಟು ಅಂತ ಕೇಳಿದೆ.”

ನಡೆಯುವಾಗ ನೋಡಿಯೇ ಇಲ್ಲ ಎಂದೆ. ಅವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು. “ಈ ಮಟ್ಟಕ್ಕೆ ಇಳಿದರೆ ನೀವೂ ನಾನೂ ಅಲ್ಲೇ ಕುಸಿತೇವೆ. ಅವರ ದೇಹ ವರ್ಷಗಟ್ಟಲೆ ಕಡಿಮೆ ಆಮ್ಲಜನಕದಲ್ಲೇ ಬದುಕಿ ಅದಕ್ಕೆ ಒಗ್ಗಿಹೋಗಿದೆ. ರಕ್ತ ಮಂದ ಮಾಡಿಕೊಂಡಿದೆ. ಉಸಿರಿಗಾಗಿ ಒದ್ದಾಡುವುದನ್ನೂ ಕಡಿಮೆ ಮಾಡಿದೆ. ನೀವು ಅದನ್ನೇ ಬಲ ಅಂದುಕೊಂಡಿರಿ. ಅಷ್ಟೂ ಭಾರ ಹೃದಯದ ಮೇಲೆ ಬೀಳ್ತಾ ಇದೆ” ಎಂದರು. ನಡಿಗೆ ಬಿಡುವಂತಿಲ್ಲ, ಅದೇ ಮದ್ದು. ಆದರೆ ಇನ್ನು ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು, ಬೆರಳಿನ ಸಂಖ್ಯೆ ನೋಡುತ್ತ, ನಿಂತು ನಿಂತು ನಡೆಯಬೇಕು. ಹೊಳೆಗೆ ಇಳಿಯುವ ಮಾತೇ ಇಲ್ಲ ಎಂದರು.

ಎರಡು ದಿನ ಇಟ್ಟುಕೊಂಡು ಕಳಿಸಿದರು. ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತ ಅವ್ವ ಹೊಳೆಯ ವಿಷಯ ಎತ್ತಲಿಲ್ಲ. ಅಮದಳ್ಳಿ ದಾಟುವಾಗ ನಾನೇ ತಡೆಯಲಾರದೆ ಕೇಳಿದೆ.

“ಖರೆ ಹೇಳು ಅವ್ವ. ಮನೇಲಿ ನಡೀವಾಗ ನಿಂಗೆ ಎಂತಾ ಆಗ್ತೇ ಇರ್ಲಿಲ್ವಾ?”

ಅವಳು ಕಿಟಕಿಯ ಕಡೆ ತಿರುಗಿದಳು. “ನಾಲ್ಕನೇ ಸುತ್ತಿಗೆ ಕಣ್ಣಿಗೆ ಕತ್ತಲೆ ಬರ್ತಿತ್ತು ತಮಾ. ಬೇಲಿ ಹಿಡ್ಕಂಡು ತಿರುಗ್ತಿದ್ದೆ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತ್ತು.

“ನೀ ಸುತ್ತು ಎಣಿಸ್ತಾ ಅಷ್ಟು ಖುಷೀಲಿದ್ದೆ. ಮಾಸ್ತರ ಆದ್ಮೇಲೆ ದಿನಾ ಅಷ್ಟೊತ್ತು ನನ್ನ ಸಂಗ್ತಿ ಯಾವಾಗ ಇದ್ದಿದ್ದೆ ನೀನು?”

ನಾನು ಗಾಡಿಯ ವೇಗ ಇಳಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು: “ಆ ನಳಿಗೆ ಹಾಕ್ಕಂಡೇ ನಡೀತೆ, ನಿಲ್ಲು ಅಂದಲ್ಲಿ ನಿಲ್ತೆ. ಸುತ್ತು ಕಡಿಮೆ ಆಯ್ತು ಅಂತ ನೀ ಅಂಗಳಕ್ಕೆ ಬರೂದು ಮಾತ್ರ ಬಿಡಬೇಡ.”