ಚೆಲ್ಲಿದ ಗಿಣ್ಣು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಗಿಣ್ಣು ಬಂದದ್ದು ಪಕ್ಕದ ಮನೆಯಿಂದಲೋ, ನಮ್ಮದೇ ಎಮ್ಮೆ ಈದಿತ್ತೋ ಎಂಬುದರಲ್ಲಿ ನನಗೂ ಅವ್ವನಿಗೂ ಈಗಲೂ ಒಮ್ಮತವಿಲ್ಲ. ಎಪ್ಪತ್ತರ ದಶಕದ ಕೊನೆ ಎಂಬುದಂತೂ ನಿಜ. ಎಂ.ಎ. ಮುಗಿಸಿ ಚನ್ನಗಿರಿಗೆ ಸೊಸೆಯಾಗಿ ಹೋಗಿದ್ದವಳು ಚೊಚ್ಚಲ ಹೆರಿಗೆಗೆ ಜಗಳೂರಿನ ತವರಿಗೆ ಬಂದಿದ್ದೆ.

ಮಗಳು ಹುಟ್ಟಿದ ಮಧ್ಯಾಹ್ನವೇ ನನ್ನ ಎದೆಯಿಂದ ಹಳದಿಯಾಗಿ, ಅಂಟಂಟಾಗಿ ಏನೋ ಒಸರಿತು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಅದನ್ನು ಹಿಂಡಿ ಹಿಂಡಿ ಬಟ್ಟೆಗೆ ಒರೆಸಿದಳು. ಅದು ತಿಂಗಳುಗಟ್ಟಲೆ ಒಳಗೇ ನಿಂತ ಹಾಲು, ಕೂಸಿನ ಹೊಟ್ಟೆ ಕೆಡಿಸುತ್ತದೆ, ಬಿಳಿ ಹಾಲು ಇಳಿಯುವವರೆಗೆ ಮೊಲೆ ಕೊಡಬಾರದು ಎಂದಳು. ಕೂಸಿಗೆ ಒಳಲೆಯ ಕೊಕ್ಕಿನಿಂದ ಬೆಲ್ಲದ ನೀರು ಬಿಟ್ಟರು. ಸಕ್ಕರೆ ನೀರೂ ಇರಬಹುದು. ಮೊದಲ ಹಾಲು ಒಳ್ಳೆಯದೆಂದು ನಾನು ಆಗಲೇ ಎಲ್ಲೋ ಓದಿದ್ದೆನೇ, ಅಥವಾ ಆಮೇಲೆ ಓದಿದ್ದನ್ನು ಈ ನೆನಪಿಗೆ ಸೇರಿಸಿಕೊಂಡಿದ್ದೇನೆಯೇ? ಗೊತ್ತಿಲ್ಲ. ಅಂದು ಮಾತಾಡಲಿಲ್ಲ ಎಂಬುದಷ್ಟೇ ಖಾತ್ರಿ.

ಬಿಳಿ ಹಾಲು ಇಳಿದಾಗ ಎದೆ ಕಲ್ಲಾಯಿತು. ಸೆರಗು ತಾಗಿದರೂ ನೋವು. ಈಗ ಕೊಡು ಎಂದರು. ಕೂಸು ಬಾಯಿ ತೆರೆಯುತ್ತಿತ್ತು, ಬಿಗಿದ ಮೊಲೆ ಅದರ ಬಾಯಿಗೆ ಸಿಗುತ್ತಿರಲಿಲ್ಲ. ಜಾರುತ್ತಿತ್ತು, ಕೂಸು ಅಳುತ್ತಿತ್ತು, ಅತ್ತು ಸುಸ್ತಾಗಿ ನಿದ್ದೆ ಹೋಗುತ್ತಿತ್ತು. ಸಿಕ್ಕಿದಾಗ ತೊಟ್ಟು ಒಡೆದು ರಕ್ತ ಜಿನುಗಿ, ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಹಾಲು ಕುಡಿಸುವುದು ಹೆತ್ತವಳಿಗೆ ತಾನಾಗಿ ಬರುತ್ತದೆಂದು ನಂಬಿದ್ದೆ. ಅದನ್ನು ತಾಯಿಯೂ ಕೂಸೂ ಕಲಿಯಬೇಕೆಂದು ಯಾರೂ ಹೇಳಿರಲಿಲ್ಲ. ಬಾಯಾರಿ ನೀರು ಕೇಳಿದರೆ, ಬಾಣಂತಿಗೆ ಶೀತವಾಗುತ್ತದೆಂದು ಒಂದೇ ಗುಟುಕು ಕೊಡುತ್ತಿದ್ದರು.

"ಅಷ್ಟೊಂದು ಓದಿದೀಯ, ಮೊಲೆ ಕೊಡಾಕೆ ಬರಂಗಿಲ್ಲವಲ್ಲೇ," ಅಂದಳು ದೊಡ್ಡವ್ವ.

ಕೂಸಿನ ತುಟಿ ಒಣಗಿತ್ತು. ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅವ್ವನ ಚೊಚ್ಚಲ ಕೂಸು, ನನಗಿಂತ ಮುಂಚೆ ಹುಟ್ಟಿದ್ದು, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನದಾದರೂ ಉಳಿಯುತ್ತದೋ ಇಲ್ಲವೋ ಎಂದು ಕೇಳಲು ಹೆದರಿ, ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಾ ಕೂತಿರುತ್ತಿದ್ದೆ.

ಅದೇ ವಾರ ಅವ್ವ ಗಿಣ್ಣು ಬೇಯಿಸಿದಳು. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ. ಓಣಿಗೆಲ್ಲ ಹಂಚಿದರು. ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತು ತಿನ್ನುತ್ತಾ, ಕರುವಿಗೆ ಹೊಟ್ಟೆ ತುಂಬ ಬಿಟ್ಟೇ ಕರೆಯಬೇಕು, ಗಿಣ್ಣು ಕುಡಿಯದ ಕರು ಬದುಕುವುದಿಲ್ಲ ಎಂದು ಅವ್ವನಿಗೆ ಹೇಳುತ್ತಿದ್ದಳು.

"ಹಂಗಾದ್ರೆ ನನ್ನ ಗಿಣ್ಣು ಯಾಕೆ ಚೆಲ್ಲಿದ್ರಿ, ದೊಡ್ಡವ್ವಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ನೀನೇನು ಎಮ್ಮೇನೇನೇ?"

ಅವ್ವ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಾಗೆಂದು ನನ್ನ ನೆನಪು. ನಗಲಿಲ್ಲ ಎಂಬುದು ನನ್ನ ಆಸೆಯೂ ಇರಬಹುದು.

ಮುಂದೆ ಒಂದು ದಿನ ಮಗಳು ಮೊಲೆ ಕಚ್ಚಿ ಹಿಡಿದಳು. ಯಾರು ಏನು ಮಾಡಿದ್ದರಿಂದಲೂ ಅಲ್ಲ. ನಾನಂತೂ ಏನೂ ಮಾಡಿರಲಿಲ್ಲ. ಅವಳು ಗುಟುಕರಿಸುವ ಸದ್ದು ಕೇಳಿ ಅವ್ವ ಬಾಗಿಲಲ್ಲಿ ನಿಂತಳು. ಆಗ ಕೇಳಿದೆ. ಎಮ್ಮೆ ಯಾರದೆಂದು ಇವತ್ತಿಗೂ ವಾದಕ್ಕೆ ನಿಲ್ಲುವ ಅವ್ವ ಇದೊಂದಕ್ಕೆ ಇನ್ನೂ ಬಾಯಿ ಬಿಟ್ಟಿಲ್ಲ.

"ಅವ್ವಾ, ನಿನ್ನ ಮೊದಲನೇ ಕೂಸಿಗೆ ಗಿಣ್ಣು ಕುಡಿಸಿದ್ಯಾ?"