ಬಿಳಿ ಹಾವುಮೀನಿನ ಬೆಲೆ

ಇವತ್ತು ಬೆಳಿಗ್ಗೆ ಚನ್ನಪಟ್ಟಣದ ಬಸ್ಸು ಅರ್ಕಾವತಿ ಸೇತುವೆಯ ಮೇಲೆ ಒಸಿ ಹೊತ್ತು ನಿಂತುಬಿಟ್ಟಿತು. ಕಿಟಕಿ ಸೀಟು ಹಿಡಿದವರೆಲ್ಲ ಒಟ್ಟಿಗೇ ಮೂಗು ಮುಚ್ಚಿಕೊಂಡರು. ನಮ್ಮೂರ ಹೊಳೆಯ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಒಂದು ಬುದ್ಧಿಮಾತು: ರಾಮನಗರ ದಾಟುವಾಗ ಬಸ್ಸಿನ ಎಡಕ್ಕೂ ಕೂರಬೇಡಿ, ಬಲಕ್ಕೂ ಕೂರಬೇಡಿ, ನಡುವೆ ನಿಂತುಕೊಳ್ಳಿ. ಕರ್ಚೀಫು ಹಿಡಿದು ಕೆಳಗಿನ ನೊರೆ ನೋಡುತ್ತಿದ್ದ ನನಗೆ ಇನ್ನೊಂದು ಹೊಳೆ ನೆನಪಾಯಿತು. ವಾಸನೆಯಿಲ್ಲದ್ದು. ಅದರಲ್ಲಿ ಮೀನು ಕೂಡ ಇದ್ದವು. ಅದು ಹರಿಯುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವ ಒಂದು ವಿಡಿಯೊ ಗೇಮಿನೊಳಗೆ.

ಮೂರು ಮಳೆಗಾಲದ ಹಿಂದೆ ನನ್ನ ಹೆಂಡತಿ ಭಾಗ್ಯ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮಂಚ ಹಿಡಿದವಳಿಗೆ ಹೊತ್ತು ಹೋಗಲೆಂದು ಅವಳ ತಮ್ಮನ ಮಗಳು ಸಹನಾ ತನ್ನ ಗೇಮಿನ ಯಂತ್ರ ತಂದುಕೊಟ್ಟಳು. ಸಹನಾ ಕನಕಪುರದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಆ ಯಂತ್ರದೊಳಗೊಂದು ಹಳ್ಳಿ. ಅಲ್ಲಿ ಮನೆ ಕಟ್ಟಬಹುದು, ಗಿಡ ನೆಡಬಹುದು, ಹೊಳೆಗೆ ಗಾಳ ಹಾಕಬಹುದು. ಸಿಕ್ಕಿದ ಮೀನನ್ನು ಮುಂಗುಸಿಯೊಂದು ನಡೆಸುವ ಅಂಗಡಿಗೆ ಮಾರಬಹುದು, ಇಲ್ಲವೇ ಕೊಕ್ಕರೆ ಮೇಷ್ಟ್ರ ಮ್ಯೂಸಿಯಮ್ಮಿಗೆ ಪುಕ್ಕಟೆ ಕೊಡಬಹುದು. ಮೀನು ಕಾಯಲು ಕೊಕ್ಕರೆಯನ್ನು ನೇಮಿಸುವ ಊರಿನ ಆಡಳಿತ ಎಂಥದ್ದೆಂದು ನೀವೇ ಯೋಚಿಸಿ.

ಭಾಗ್ಯ ಎಲ್ಲವನ್ನೂ ಕೊಕ್ಕರೆಗೇ ಕೊಟ್ಟಳು. ಗೆಂಡೆ, ಕೊರವ, ಏಡಿ, ಆಮೆ, ಒಂದೊಂದೇ ಗಾಜಿನ ತೊಟ್ಟಿ ಸೇರಿದವು. ನನಗೆ ಸಂಕಟ. ರೇಷ್ಮೆಹುಳ ಗೂಡು ಕಟ್ಟುತ್ತದಲ್ಲ, ಆ ಬಿದಿರಿನ ಚಂದ್ರಿಕೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಕೂಟಗಲ್ಲಿನಿಂದ ಕಲ್ಯದವರೆಗೆ ಮಾರಿ ಮೇಲೆ ಬಂದವನು ನಾನು.

“ಒಸಿ ಮಾರೇ, ಒಸಿ ಕೊಡು” ಎಂದೆ.

“ಅಲ್ಲಿ ಕೊಟ್ಟಿದ್ದನ್ನ ವಾಪಸ್ ತಗೊಳ್ಳಂಗಿಲ್ಲ, ಮಾರಂಗಿಲ್ಲ. ಅದಕ್ಕೇ ಕೊಡ್ತೀನಿ” ಅಂದಳು. “ಈ ಮನೇಲಿ ನಾನು ಇಷ್ಟಪಟ್ಟ ಸಾಮಾನು ಯಾವ್ದು ನಿಂತೈತೆ, ಹೇಳಿ?”

ನಮ್ಮ ಮನೆಗೆ ಸಾಮಾನು ಬರುವುದೇ ಹೋಗುವುದಕ್ಕೆ. ಅವಳ ತವರಿನ ಹಿತ್ತಾಳೆ ಹಂಡೆ, ಅರಗಿನ ಬಣ್ಣದ ತೊಟ್ಟಿಲು, ಗೌರಿ ಎಂಬ ಹಸು, ಎಲ್ಲವನ್ನೂ ಒಳ್ಳೆಯ ಗಿರಾಕಿ ಬಂದಾಗ ಕೊಟ್ಟೆ. ಒಳ್ಳೆಯ ಗಿರಾಕಿಯನ್ನು ಬರಿಗೈಲಿ ಕಳಿಸುವುದು ಅಪಶಕುನ. ಬೇಕಾದರೆ ಬರೆದಿಟ್ಟುಕೊಳ್ಳಿ.

ಕೊನೆಗೆ ಮ್ಯೂಸಿಯಮ್ಮಿನಲ್ಲಿ ಒಂದೇ ತೊಟ್ಟಿ ಖಾಲಿ ಉಳಿಯಿತು, ಬಿಳಿ ಹಾವುಮೀನಿನದು. ಅದು ಮಳೆಗಾಲದಲ್ಲಿ ಮಾತ್ರ, ಅದೂ ಮಳೆ ಬೀಳುತ್ತಿರುವಾಗ ಮಾತ್ರ, ಆಳದ ಮಡುವಿನಲ್ಲಿ ಮಾತ್ರ ಬರುವುದು. ಮದುವೆಮನೆಯ ಬೀಗರಿಗೂ ಇಷ್ಟು ನಖರಾ ಇರುವುದಿಲ್ಲ. ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಭಾಗ್ಯ ಅದನ್ನು ಹಿಡಿದೇ ಹಿಡಿದಳು. “ಕೈ ನೋಯ್ತೈತೆ, ನೀವೇ ಮೇಷ್ಟ್ರಿಗೆ ಕೊಟ್ಬುಡಿ” ಎಂದು ಯಂತ್ರ ನನ್ನ ಕೈಗಿತ್ತಳು.

ದಾರಿಯಲ್ಲಿ ಮುಂಗುಸಿಯ ಅಂಗಡಿ ಸಿಕ್ಕಿತು. ನಾನೇನು ಮಾಡಲಿ? ಒಳಗೆ ಹೋಗಿ ಮೀನು ತೋರಿಸಿದೆ. ಅದೊಂದು ಬೆಲೆ ಹೇಳಿತು. ನಮ್ಮ ಪದ್ಧತಿಯಂತೆ ‘ಬೇಡ’ ಒತ್ತಿ ಹೊರಟೆ, ಬಾಗಿಲ ಹತ್ತಿರ ನಡಿಗೆ ನಿಧಾನ ಮಾಡಿದೆ. ಆಗ ಬೆನ್ನ ಹಿಂದಿನಿಂದ “ಬನ್ನಿ ಸ್ವಾಮಿ, ನೀವೇ ಒಂದು ಮಾತು ಹೇಳಿ” ಅನ್ನಬೇಕು. ಮುಂಗುಸಿ ಅನ್ನಲಿಲ್ಲ. ಮತ್ತೆ ಹೋದೆ, ಮತ್ತೆ ಹೊರಟೆ, ಚಪ್ಪಲಿ ಹುಡುಕುವವನಂತೆ ಹೊಸ್ತಿಲಲ್ಲಿ ಸುಳಿದಾಡಿದೆ. ಅದೇ ಬೆಲೆ, ಅದೇ ನಗು. ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ಹೀಗೆ ಅವಮಾನ ಮಾಡಿದ ಪ್ರಾಣಿ ಇನ್ನೊಂದಿಲ್ಲ.

“ರೀ, ಅಂಗ್ಡೀಲಿ ಏನ್ಮಾಡ್ತಾ ಇದೀರಿ?” ಮಂಚದಿಂದ ದನಿ ಬಂತು.

“ಬರೀ ಬೆಲೆ ಕೇಳ್ತಾ ಇವ್ನಿ ಕಣೇ. ಕೇಳಿದ್ರೆ ಏನೋಯ್ತದೆ?”

“ಗೌರಿಗೂ ಬರೀ ಬೆಲೆ ಕೇಳ್ತೀನಿ ಅಂತ್ಲೇ ಹಗ್ಗ ಬಿಚ್ಕೊಂಡು ಹೋಗಿದ್ರಿ.”

ಯಂತ್ರ ಕಿತ್ತುಕೊಂಡು ತಾನೇ ಕೊಕ್ಕರೆಗೆ ಒಪ್ಪಿಸಿದಳು. ತೊಟ್ಟಿಯ ಕೆಳಗೆ ಅವಳ ಹೆಸರು ಮೂಡಿತು. ಕಾಲು ಸರಿಹೋದ ಮೇಲೆ ಯಂತ್ರ ಸಹನಾಳ ಜೊತೆ ಕನಕಪುರಕ್ಕೆ ಹೋಯಿತು. ಆದರೆ ಅವಳು ಹಬ್ಬಕ್ಕೆ ಬಂದಾಗಲೆಲ್ಲ ಅದನ್ನೂ ತರಲೇಬೇಕು. ಭಾಗ್ಯ ಮೊದಲು ಮೀನು ನೋಡುವಳು, ಆಮೇಲೆ ಒಬ್ಬಟ್ಟು ಬಡಿಸುವಳು.

ಮೊನ್ನೆ ಸಹನಾಳ ಫೋನು ಬಂತು. “ಮಾವ, ನೀವು ಹೇಳ್ಕೊಟ್ಟಂಗೇ ಮಾಡ್ದೆ! ಹಳೇ ಯಂತ್ರಾನ ಒಳ್ಳೆ ಬೆಲೆ ಬರೋವಾಗ್ಲೇ ಕೊಟ್ಬುಟ್ಟೆ. ಅವ್ರು ಕಮ್ಮಿ ಕೇಳಿದ್ರು, ನಾನು ಎದ್ದು ಹೊರಟೆ. ವಾಪಸ್ ಕರುದ್ರು!”

ಶಿಷ್ಯೆ ಗೆದ್ದಳೆಂದು ಹಿಗ್ಗಬೇಕಾದ ನಾನು “ಯಾರಿಗೆ ಕೊಟ್ಟೆ?” ಎಂದು ವಿಳಾಸ ಕೇಳಿದೆ. ಆ ಹಳ್ಳಿಯೂ ಮೀನೂ ಇದ್ದದ್ದು ಆ ಯಂತ್ರದೊಳಗೇ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಭಾಗ್ಯ ಎಲ್ಲ ಕೇಳಿಸಿಕೊಂಡಳು. ಸೊಪ್ಪನ್ನು ಕಸಕ್ಕೆ ಹಾಕಿ ಕಡ್ಡಿಯನ್ನು ಪಾತ್ರೆಗೆ ಹಾಕಿದಳು.

ಯಂತ್ರ ಕೊಂಡವರು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಅನ್ವರ್ ಸಾಬ್ರು. ಬೆಳಿಗ್ಗೆ ಬಸ್ಸು ಹತ್ತಿದ್ದು ಅವರ ಮನೆಗೇ. ಪರೀಕ್ಷೆ ಮುಗಿದ ಮೇಲೆ ಮಗಳಿಗೆ ಕೊಡೋಣವೆಂದು ಅವರು ಅದನ್ನು ಬೀರುವಿನಲ್ಲಿಟ್ಟಿದ್ದರು. ಯಾರೂ ಮುಟ್ಟಿರಲಿಲ್ಲ.

“ಅದನ್ನ ನಂಗೆ ಕೊಡಿ ಸಾಬ್ರೆ. ಬದಲಿಗೆ ಹೊಸದೇ ತಂದಿವ್ನಿ” ಎಂದು ಚೀಲದಿಂದ ಡಬ್ಬ ತೆಗೆದಿಟ್ಟೆ.

ಸಾಬ್ರು ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು. “ಹಳೇದಕ್ಕೆ ಹೊಸದು ಕೊಡೋ ವ್ಯಾಪಾರೀನ ನಾನು ಕಂಡಿಲ್ಲ. ಅದರೊಳಗೆ ಏನೈತೆ? ಸಚ್ ಹೇಳಿ.”

“ಒಂದು ಮೀನೈತೆ.”

“ಮೀನಾ?”

“ನಮ್ಮ ಮನೆಯವಳದು.”

ಸಾಬ್ರ ಕಣ್ಣು ಒಸಿ ಕಿರಿದಾಯಿತು. ಅಂಥ ಕಣ್ಣು ನನಗೆ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುತ್ತೇನೆ. “ಹಂಗಾದ್ರೆ ಹೊಸದರ ಜೊತೆ ಇನ್ನೊಂದು ಆಟಾನೂ ಹಾಕ್ಕೊಡಿ” ಎಂದರು.

ಎದ್ದು ಹೊರಡಬೇಕಾದ ಗಳಿಗೆ. ನೀವು ಕೇಳಿದ್ದರೆ ಹೊರಡಿ ಎಂದೇ ಹೇಳುತ್ತಿದ್ದೆ. ನಾನು ಕೂತೇ ಇದ್ದೆ. “ಹಾಕ್ಕೊಡಣ” ಎಂದೆ.

ಮಧ್ಯಾಹ್ನ ಯಂತ್ರವನ್ನು ಭಾಗ್ಯಳ ಮಡಿಲಲ್ಲಿಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಹಚ್ಚಿ, ಮ್ಯೂಸಿಯಮ್ಮಿನೊಳಗೆ ಹೋಗಿ, ತೊಟ್ಟಿಯ ಮುಂದೆ ಸುಮಾರು ಹೊತ್ತು ನಿಂತಳು. ಬಿಳಿ ಹಾವುಮೀನು ಅತ್ತಿಂದಿತ್ತ ಸುಳಿಯುತ್ತಿತ್ತು.

“ಹೆಂಗೆ ತಂದ್ರಿ?”

“ಸುಮ್ನೆ ತಂದೆ. ಚೌಕಾಸಿ ಮಾಡ್ಲಿಲ್ಲ ಕಣೇ.”

ಭಾಗ್ಯ ಮೀನಿನಿಂದ ಕಣ್ಣು ತೆಗೆದು, ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.